ಕೊಟ್ಟಿಗೆಯಲ್ಲಿ ನಿಂತ ಕಾರು ರಸ್ತೆಗೆ ಮರಳಲು ಒಂದು ಕ್ರಮ ಬೇಕು: ಸಾರಿಗೆ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಾನು ಅಂಕೋಲಾ ಮತ್ತು ಕುಮಟಾ ನಡುವಿನ ಹಳ್ಳಿಯೊಂದರಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿ. ನಮ್ಮ ಮನೆಯ ಹಳೆಯ ದನದ ಕೊಟ್ಟಿಗೆಯಲ್ಲಿ 1978ರಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ ಕಾರೊಂದಿದೆ. ನನ್ನ ತಂದೆಯವರು ಈ ಭಾಗದಲ್ಲಿ ವೈದ್ಯರಾಗಿದ್ದರು. ಸರಿರಾತ್ರಿಯಲ್ಲಿ ಹೆರಿಗೆಯ ಮನೆಗಳಿಗೆ, ಹಾವು ಕಚ್ಚಿದವರ ಮನೆಗಳಿಗೆ ಅವರು ಹೋಗುತ್ತಿದ್ದುದು ಇದೇ ಕಾರಿನಲ್ಲಿ. ಕಂಪನಿಯವರು ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿದ್ದರೂ ನಮ್ಮೂರಿನವರ ಬಾಯಲ್ಲಿ ಅದು ಇವತ್ತಿಗೂ ಡಾಕ್ಟರ ಫಿಯೆಟ್. 2002ರ ಮಳೆಗಾಲದಲ್ಲಿ ತಂದೆಯವರ ಕಣ್ಣು ಮಂಜಾದ ಮೇಲೆ ಕಾರನ್ನು ಕೊಟ್ಟಿಗೆಗೆ ಸೇರಿಸಲಾಯಿತು. ಮರುವರ್ಷ ನೋಂದಣಿಯ ಅವಧಿ ಮುಗಿಯಿತು. ಅದನ್ನು ನವೀಕರಿಸಬೇಕೆಂಬ ಯೋಚನೆ ಆಗ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅವರು ತೀರಿಕೊಂಡು ಹಲವು ವರ್ಷಗಳಾದ ನಂತರ, ನನ್ನ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಆ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ನಾನು ಕೆಲಸ ಆರಂಭಿಸಿದೆ. ಯಂತ್ರದ ಕೆಲಸ ಬಹುಪಾಲು ಮುಗಿದಿದೆ. ಕಾಗದದ ಕೆಲಸ ಹೊರಟಲ್ಲಿಯೇ ನಿಂತಿದೆ. ಹೀಗೆ ನಿಂತಿರುವುದು ನನ್ನದೊಂದೇ ಕಾರಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳಲ್ಲಿಯೂ ಕರಾವಳಿಯ ಹಳೆಯ ಮನೆಗಳ ಜಗಲಿಯ ಪಕ್ಕದಲ್ಲಿಯೂ ಇಂಥ ಫಿಯೆಟ್, ಅಂಬಾಸಿಡರ್, ಜೀಪುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಕಾಲ ನಿಂತಿದ್ದ ಖಾಸಗಿ ವಾಹನವು ಮತ್ತೆ ರಸ್ತೆಗೆ ಬರಲು ಯಾವ ಕಾಗದ ಮೊದಲು, ಯಾವುದು ನಂತರ, ಪರೀಕ್ಷೆ ಎಲ್ಲಿ, ಪರೀಕ್ಷೆಯಲ್ಲಿ ಏನನ್ನು ನೋಡಲಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಸುತ್ತೋಲೆಯ ಮೂಲಕ ಇಲಾಖೆ ಸ್ಪಷ್ಟಪಡಿಸಬೇಕು; ಮತ್ತು ಆ ಪರೀಕ್ಷೆ ಈಗಿರುವುದಕ್ಕಿಂತ ಬಿಗಿಯಾಗಿರಬೇಕು. ಬಿಗಿಯಾಗಿರಬೇಕೆಂದು ಕಾರಿನ ಒಡತಿಯೇ ಕೇಳುವುದೇಕೆ ಎಂಬುದನ್ನು ತಿಳಿಸಬೇಕಾದರೆ ನಮ್ಮ ಕೊಟ್ಟಿಗೆಯಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು ಮಳೆ ಸುರಿಯುತ್ತದೆ. ಮಳೆ ನಿಂತ ಮೇಲೂ ಕಡಲಿನ ಉಪ್ಪುಗಾಳಿ ನಿಲ್ಲುವುದಿಲ್ಲ. ಓಡುವ ಗಾಡಿಯನ್ನೇ ತಿನ್ನುವ ಈ ಹವೆ ನಿಂತ ಗಾಡಿಯನ್ನು ಬಿಡುವುದುಂಟೇ? ಕೆಲಸಕ್ಕೆಂದು ಬಂದ ಹಿರಿಯ ಮಿಸ್ತ್ರಿಯವರು ನಾನು ಎಣಿಸಿದಂತೆ ಬಾನೆಟ್ ಎತ್ತಲಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿ ಕಾರಿನಡಿಗೆ ಮಲಗಿದರು. "ಅಕ್ಕೋರೆ, ಎಂಜಿನ್ ಹೇಗಾದ್ರೂ ಓಡ್ತದೆ. ನಿಲ್ಲೂದು ಹೇಗೆ ಅಂತ ಮೊದ್ಲು ನೋಡುವಾ," ಎಂದರು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆಯಂಥ ಭಾಗವನ್ನು ಅವರು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಬಂದರು. ಗಟ್ಟಿಯಿದ್ದಲ್ಲಿ ಟಣ್ ಎಂದು ಸದ್ದಾಗುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಮಂದವಾಯಿತು. ಅಲ್ಲಿ ಸ್ಕ್ರೂ ಡ್ರೈವರಿನ ಮೊನೆ ಒತ್ತಿದ್ದೇ ತಡ, ಮೇಲೆ ಬಣ್ಣ ನೆಟ್ಟಗಿದ್ದ ತಗಡು ಹಲಸಿನ ಹಪ್ಪಳದಂತೆ ಮುರಿದು ತುಕ್ಕಿನ ಪುಡಿ ಉದುರಿತು. ಪದ್ಮಿನಿಗೆ ಲಾರಿ, ಜೀಪುಗಳಿಗಿರುವಂತೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಮೈಯೇ ಅದರ ಚಾಸಿ. ಹಾಗಾಗಿ ಈ ಭಾಗ ಕೊಳೆತರೆ ಅದು ಅಂದಗೇಡು ಮಾತ್ರವಲ್ಲ, ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕಾದ ಕಂಬವೇ ಟೊಳ್ಳಾದಂತೆ. ಎರಡೂ ಬದಿಯ ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ವೆಲ್ಡ್ ಮಾಡಲು ಟಿಂಕರಿಂಗಿನವರಿಗೆ ಒಂದೂವರೆ ತಿಂಗಳು ಹಿಡಿಯಿತು.

ಬ್ರೇಕಿನ ಸ್ಥಿತಿ ಇನ್ನೂ ಕೆಟ್ಟಿತ್ತು. ಈ ಕಾರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ದಾಟಿಸುವ ಮಾಸ್ಟರ್ ಸಿಲಿಂಡರು ನಾಲ್ಕಕ್ಕೂ ಒಂದೇ. ಬ್ರೇಕ್ ಆಯಿಲ್ ಎನ್ನುವುದು ಹೆಸರಿಗೆ ಎಣ್ಣೆಯಾದರೂ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಅದು ಒಳಗಿನಿಂದಲೇ ಸಿಲಿಂಡರನ್ನು ತುಕ್ಕು ಹಿಡಿಸುತ್ತದೆ, ಬಿಸಿಯಾದಾಗ ಬೇಗ ಕುದಿದು ಪೆಡಲನ್ನು ಪೊಳ್ಳಾಗಿಸುತ್ತದೆ. ನಮ್ಮ ಕಾರಿನ ಮಾಸ್ಟರ್ ಸಿಲಿಂಡರಿನ ತಳದಲ್ಲಿ ಅದು ಜೋನಿಬೆಲ್ಲದಂತೆ ಮಂದವಾಗಿ, ಕಪ್ಪಾಗಿ ಕುಳಿತಿತ್ತು. ಚಕ್ರಗಳ ಸಿಲಿಂಡರಿನ ಪಿಸ್ಟನ್ನುಗಳು ಒಂದೂ ಅಲುಗಲಿಲ್ಲ. ಎರಡು ಡ್ರಮ್ಮುಗಳು ಲೈನರಿಗೆ ಕಚ್ಚಿಕೊಂಡಿದ್ದವು. ರಬ್ಬರ್ ಹೋಸುಗಳು ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದವು. ಬಗ್ಗಿಸಿದಾಗ ಬಿರುಕುಗಳು ಬಾಯಿಬಿಟ್ಟವು. ಸಿಲಿಂಡರುಗಳು, ಹೋಸುಗಳು, ತಾಮ್ರದ ಪೈಪುಗಳು, ಲೈನರುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು. ಡ್ರಮ್ಮುಗಳನ್ನು ಹುಬ್ಬಳ್ಳಿಯ ಲೇತಿನಲ್ಲಿ ತಿರುವಿಸಿಕೊಂಡು ಬಂದೆವು. ದೇವಿಮನೆ ಘಟ್ಟ ಇಳಿಯುವಾಗ ತಂದೆಯವರು ಬ್ರೇಕಿನ ಮೇಲೆ ಭಾರ ಹಾಕದೆ ಎರಡನೆಯ ಗೇರಿನಲ್ಲಿಯೇ ಕಾರನ್ನು ಹಿಡಿದು ತರುತ್ತಿದ್ದುದು ನನಗೆ ನೆನಪಿದೆ. ಡ್ರಮ್ಮು ಬಿಸಿಯಾದರೆ ಹಿಡಿತ ಸಡಿಲುತ್ತದೆಂಬುದನ್ನು ಅಂದಿನ ಚಾಲಕರೆಲ್ಲ ಬಲ್ಲವರಾಗಿದ್ದರು.

ಟೈರುಗಳದೂ ಇದೇ ಕಥೆ. ಗ್ರಿಪ್ಪು ಮುಕ್ಕಾಲು ಉಳಿದಿದ್ದುದರಿಂದ ಅವನ್ನೇ ಇಟ್ಟುಕೊಳ್ಳಬಹುದೆಂದು ನಾನು ಭಾವಿಸಿದ್ದೆ. ಮಿಸ್ತ್ರಿಯವರು ಟೈರಿನ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದರು: 3401. ಅಂದರೆ 2001ನೇ ಇಸವಿಯ 34ನೇ ವಾರದಲ್ಲಿ ತಯಾರಾದದ್ದು. ಸವೆಯದ ಟೈರು ಕೂಡ ವಯಸ್ಸಾದರೆ ಒಳಗೇ ಗಡುಸಾಗಿ, ವೇಗದಲ್ಲಿ ಪದರ ಬಿಟ್ಟು ಸಿಡಿಯುತ್ತದೆ ಎಂದು ಅವರು ವಿವರಿಸಿದ ಮೇಲೆ ಆ ಐದನ್ನೂ ತೆಗೆಸಿದೆ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ನಿಜಕ್ಕೂ ಕಡಿಮೆ ಕಾಡಿತು. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಒಳಗೆ ಸುರಿದು ಎಂಟು ದಿನ ಹಾಗೆಯೇ ಬಿಟ್ಟು, ಒಂಬತ್ತನೆಯ ದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲನೆ ತಿರುಗಿಸಿದಾಗ ಅದು ತಿರುಗಿತು. ಅವಸರಪಟ್ಟು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದ್ದರೆ ರಿಂಗುಗಳು ಮುರಿಯುತ್ತಿದ್ದವು. ಟ್ಯಾಂಕಿನ ಪೆಟ್ರೋಲು ವಾರ್ನಿಷಿನ ವಾಸನೆ ಹೊಡೆಯುತ್ತಿತ್ತು. ಟ್ಯಾಂಕು, ಪೆಟ್ರೋಲ್ ಪಂಪು, ಕಾರ್ಬುರೇಟರುಗಳನ್ನು ಬಿಚ್ಚಿ ತೊಳೆದದ್ದಾಯಿತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರಿನ ಪೈಪು ಮತ್ತು ಪಂಪಿನ ಪೊರೆ ಬೇಗ ಹಾಳಾಗುತ್ತವೆ. ಅವುಗಳ ಬದಲಿಗೆ ಎಥೆನಾಲ್ ತಡೆಯುವ ರಬ್ಬರನ್ನು ಹಾಕಿಸಿದ್ದೇವೆ. ಇಲಿಗಳು ಕಡಿದ ವಯರಿಂಗನ್ನು ಪೂರ್ತಿ ಹೊಸದಾಗಿ ಎಳೆಸಿದ್ದೇವೆ. ಬಿಡಿಭಾಗಗಳಿಗಾಗಿ ಮುಂಬೈಯಲ್ಲಿರುವ ನಮ್ಮ ಕಡೆಯವರು ಗುಜರಿ ಅಂಗಡಿಗಳನ್ನು ಅಲೆದು ನೆರವಾದರು. ಕುರ್ಲಾದಲ್ಲಿ ಈ ಕಾರು ತಯಾರಾಗುವುದು ನಿಂತು ಕಾಲು ಶತಮಾನ ಕಳೆದಿದೆ. ಪದ್ಮಿನಿ ಟ್ಯಾಕ್ಸಿಗಳು ಕೂಡ 2023ರ ಅಕ್ಟೋಬರಿನಲ್ಲಿ ಮುಂಬೈಯ ರಸ್ತೆಯಿಂದ ಮರೆಯಾದವು.

ಇಷ್ಟಾದ ಮೇಲೆ ಕಾಗದದ ದಾರಿ ಹಿಡಿದೆ. 1988ರ ಮೋಟಾರು ವಾಹನಗಳ ಕಾಯ್ದೆಯ 41ನೇ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಗಳ ಕಾಲ ಊರ್ಜಿತದಲ್ಲಿದ್ದು, ಬಳಿಕ ಐದೈದು ವರ್ಷಗಳಿಗೆ ನವೀಕರಿಸಬಹುದು. ಇದರಲ್ಲಿ ಗೊಂದಲವಿಲ್ಲ. ಕಾರು ತಂದೆಯವರ ಹೆಸರಿನಲ್ಲಿದ್ದುದರಿಂದ ವಂಶವೃಕ್ಷ ಮತ್ತು ನನ್ನ ತಮ್ಮನ ಒಪ್ಪಿಗೆಪತ್ರದೊಂದಿಗೆ ನಮೂನೆ 31ರಲ್ಲಿ ವರ್ಗಾವಣೆಗೆ, ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಬರೆದುಕೊಂಡು ನಾನು ಸಾರಿಗೆ ಕಚೇರಿಯೊಂದಕ್ಕೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದವರು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಲಿಲ್ಲ, ಅವರ ಕೈಯಲ್ಲಿಯೂ ಸ್ಪಷ್ಟವಾದ ಆದೇಶವಿರಲಿಲ್ಲ ಎಂದೇ ನನ್ನ ನಂಬಿಕೆ. ಮೂರಕ್ಷರದ ಹಳೆಯ ಸರಣಿಯ ಸಂಖ್ಯೆ ಗಣಕಯಂತ್ರದಲ್ಲಿ ಇಲ್ಲವೆಂದೂ, ಕೈಬರಹದ ಆರ್‌ಸಿ ಪುಸ್ತಕವನ್ನು ಹಳೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಗಣಕಯಂತ್ರಕ್ಕೆ ಸೇರಿಸುವ ಕೆಲಸ, ಮಾಡಬೇಕೆಂದೂ, ಅದಕ್ಕೆ ಮೊದಲು ಗಾಡಿಯನ್ನು ತಂದು ತೋರಿಸಬೇಕೆಂದೂ ಹೇಳಿದರು. ನೋಂದಣಿ ಮುಗಿದ, ವಿಮೆಯಿಲ್ಲದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿಕೊಂಡು ಬರುವುದು ಹೇಗೆ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ವಿಮೆಗೆ ಹೋದರೆ ಚಾಲ್ತಿಯಲ್ಲಿರುವ ಆರ್‌ಸಿ ತನ್ನಿ ಎಂದರು. ಹೊಗೆ ತಪಾಸಣೆಗೆ ಹೋದರೆ ಗಾಡಿಯ ಸಂಖ್ಯೆಯನ್ನೇ ಅವರ ಯಂತ್ರ ಒಪ್ಪಲಿಲ್ಲ. ಕಚೇರಿಗೆ ಮರಳಿದರೆ ವಿಮೆ ಮತ್ತು ಹೊಗೆ ಪ್ರಮಾಣಪತ್ರ ಎಲ್ಲಿ ಎಂದರು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಯನ್ನು ಶಾಲೆಯಲ್ಲಿ ನಾನೇ ಎಷ್ಟೋ ಸಲ ಮಕ್ಕಳಿಗೆ ಬಿಡಿಸಿ ಹೇಳಿದ್ದೆ.

ಕೊನೆಗೆ ಜನವರಿಯಲ್ಲಿ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೋದೆ. ಮೊದಲನೆಯ ದಿನ ನಿರೀಕ್ಷಕರು ಶಿಬಿರಕ್ಕೆ ಹೋಗಿದ್ದರು. ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದೆವು. ಎರಡನೆಯ ಸಲ ಹೋದಾಗ ನಿರೀಕ್ಷಕರು ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು, ಬಣ್ಣ ಆರ್‌ಸಿಯಲ್ಲಿದ್ದಂತೆಯೇ ಇದೆಯೇ ಎಂದು ನೋಡಿದರು, ವಿಮೆ ಇಲ್ಲವೆಂದು ಬರೆದುಕೊಂಡು ಅರ್ಜಿಯನ್ನು ಬದಿಗಿಟ್ಟರು. ಕಾರು ಲಾರಿಯಿಂದ ಕೆಳಗಿಳಿಯಲೇ ಇಲ್ಲ. ಬ್ರೇಕಿನ ಮೇಲೆ ಒಬ್ಬರೂ ಕಾಲಿಡಲಿಲ್ಲ, ಸ್ಟೀರಿಂಗ್ ಅಲುಗಾಡಿಸಿ ನೋಡಲಿಲ್ಲ, ಅಡಿಗೆ ಬಗ್ಗಿ ನೋಡಲಿಲ್ಲ. ಆ ದಿನ ನನ್ನ ಬಳಿ ವಿಮೆಯ ಕಾಗದವೊಂದು ಇದ್ದಿದ್ದರೆ, ತುಕ್ಕು ಹಿಡಿದ ಸಿಲಿಂಡರು, 2001ರ ಟೈರು, ಹಪ್ಪಳದಂಥ ತಗಡು ಇದ್ದ ಕಾರು ಕೂಡ ಅಲ್ಲಿಂದ ಅನುಮತಿ ಪಡೆದುಕೊಂಡು ಹೆದ್ದಾರಿಗೆ ಬರುತ್ತಿತ್ತೇನೋ ಎಂಬ ಯೋಚನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಮ್ಮ ಶಾಲೆಯ ಮಕ್ಕಳು ದಿನವೂ ರಸ್ತೆ ದಾಟುತ್ತಾರೆ. ನಿಲ್ಲಲಾರದ ಹಳೆಯ ಕಾರೊಂದು ಅವರ ಎದುರಿಗೆ ಬರಬಾರದು, ಅದು ನನ್ನ ತಂದೆಯ ಕಾರಾದರೂ ಸರಿಯೇ.

ಮಾನ್ಯರೇ, ಕೇಂದ್ರ ಸರ್ಕಾರವು 2021ರ ಜುಲೈ 15ರಂದು ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ ಎಂಬುದನ್ನು ಬಲ್ಲೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಗಳಿಗೆ ಅದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ನಮ್ಮ ಕಾರಿಗೆ ಐವತ್ತು ತುಂಬುವುದು 2028ರಲ್ಲಿ. ಆ ನೋಂದಣಿ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಬೆಳಿಗ್ಗೆ ಗೋಕರ್ಣಕ್ಕೋ, ಮಾರಿಕಾಂಬೆಯ ದರ್ಶನಕ್ಕೆ ಶಿರಸಿಗೋ ಹೋಗಿಬರಬೇಕೆನ್ನುವ ನನ್ನಂಥವರಿಗೆ ಅದು ಒದಗುವುದಿಲ್ಲ. ಆದರೂ ಆ ನಿಯಮದ ಒಂದು ಮಾತಿನ ಬಗ್ಗೆ ಇಲಾಖೆಯ ಸ್ಪಷ್ಟೀಕರಣವನ್ನು ಈಗಲೇ ಕೋರುತ್ತೇನೆ. ವಾಹನವು ಮೂಲ ರೂಪದಲ್ಲಿರಬೇಕು, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂದು ಅದು ಹೇಳುತ್ತದೆ. ಕರಾವಳಿಯಲ್ಲಿ ಐವತ್ತು ವರ್ಷ ಬಾಳಿದ ಕಾರಿನ ಅಡಿಭಾಗಕ್ಕೆ ಹೊಸ ತಗಡು ಹಾಕದೆ ಅದನ್ನು ಸುರಕ್ಷಿತವಾಗಿ ಉಳಿಸುವುದು ಸಾಧ್ಯವೇ ಇಲ್ಲ. ಮೂಲದ ಅಳತೆ, ಮೂಲದ ದಪ್ಪಕ್ಕೆ ಸರಿಯಾಗಿ ಕೊಳೆತ ತಗಡನ್ನು ಬದಲಿಸುವುದು ದುರಸ್ತಿಯೋ, ಮಾರ್ಪಾಡೋ? ದುರಸ್ತಿ ಎಂದು ಬರೆದು ತಿಳಿಸಿದರೆ ಜನ ಧೈರ್ಯವಾಗಿ ಒಳ್ಳೆಯ ಕೆಲಸ ಮಾಡಿಸುತ್ತಾರೆ. ಹೇಳದೆ ಬಿಟ್ಟರೆ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದು, ಮೂಲ ರೂಪ ಎಂದು ತೋರಿಸುವವರು ಹೆಚ್ಚುತ್ತಾರೆ.

ಶುಲ್ಕದ ಬಗ್ಗೆ ಒಂದು ಮಾತು. 15 ವರ್ಷ ಮೀರಿದ ಕಾರಿನ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರಲ್ಲಿ, 20 ವರ್ಷ ಮೀರಿದ ಕಾರುಗಳಿಗೆ ಅದು 10,000ಕ್ಕೆ ಏರಿತು. ಅದನ್ನು ಕಟ್ಟಲು ನಾನು ಸಿದ್ಧಳಿದ್ದೇನೆ. ಅದರ ಮೇಲೆ ತಡವಾದ ತಿಂಗಳಿಗಿಷ್ಟು ಎಂದು ಬೀಳುವ ಹೆಚ್ಚುವರಿ ಶುಲ್ಕ ಮಾತ್ರ ನ್ಯಾಯವೆನಿಸುವುದಿಲ್ಲ. ನೋಂದಣಿಯಿಲ್ಲದೆ ಇಪ್ಪತ್ತು ವರ್ಷ ರಸ್ತೆಯಲ್ಲಿ ಓಡಿದ ಕಾರಿಗೂ, ಇಪ್ಪತ್ತು ವರ್ಷ ಕೊಟ್ಟಿಗೆಯಿಂದ ಹೊರಗೆ ಚಕ್ರವಿಡದ ಕಾರಿಗೂ ಒಂದೇ ಲೆಕ್ಕ ಆಗಬಾರದು. ಗ್ರಾಮ ಆಡಳಿತಾಧಿಕಾರಿಗಳ ಮಹಜರಿನಿಂದಲೋ, ನಿರೀಕ್ಷಕರೇ ಕಣ್ಣಾರೆ ಕಂಡು ಬರೆಯುವ ವರದಿಯಿಂದಲೋ ಗಾಡಿ ನಿಂತಿತ್ತೆಂದು ಸಾಬೀತಾದರೆ ಆ ಅವಧಿಯನ್ನು ಬಿಟ್ಟುಕೊಡುವಂತೆ ರಾಜ್ಯವು ಕೇಂದ್ರಕ್ಕೆ ಬರೆಯಬಹುದು.

ಪರೀಕ್ಷೆಯ ಜಾಗದ ವಿಷಯ ಇದಕ್ಕಿಂತ ಸುಲಭವಾದದ್ದು. ನಮ್ಮ ಜಿಲ್ಲೆ ಘಟ್ಟದ ಮೇಲೂ ಕೆಳಗೂ ಹರಡಿದೆ. ಸಾರಿಗೆ ಕಚೇರಿಗಳು ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿಗಳಲ್ಲಿವೆ. ಚಾಲನಾ ಪರವಾನಗಿಗೆಂದು ನಿರೀಕ್ಷಕರು ತಾಲೂಕು ಕೇಂದ್ರಗಳಲ್ಲಿ ಶಿಬಿರ ನಡೆಸುವ ರೂಢಿ ಈಗಾಗಲೇ ಇದೆ. ವರ್ಷದಲ್ಲಿ ಎರಡು ಸಲ, ಮಳೆಗಾಲ ಕಳೆದ ನವೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ, ಅದೇ ಶಿಬಿರದಲ್ಲಿ ಒಂದು ದಿನವನ್ನು ನಿಂತ ವಾಹನಗಳಿಗೆ ಮೀಸಲಿಟ್ಟರೆ ಸಾಕು. ಸ್ಥಳದಲ್ಲಿ ಗ್ಯಾರೇಜಿನ ಜ್ಯಾಕು, ಟಾರ್ಚು, ಸುತ್ತಿಗೆ ಇರಲಿ. ನಾಲ್ಕೂ ಚಕ್ರಗಳನ್ನು ಎತ್ತಿ ತಿರುಗಿಸಿ ನೋಡಲಿ; ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಿಡಿದು ಅದು ಕೆಳಗಿಳಿಯುತ್ತದೆಯೇ ಎಂದು ಪರೀಕ್ಷಿಸಲಿ; ಟೈರಿನ ಬದಿಯ ನಾಲ್ಕು ಅಂಕಿಗಳನ್ನು ಓದಿ ಬರೆದುಕೊಳ್ಳಲಿ; ಅಡಿಭಾಗವನ್ನು ಬಡಿದು ಸದ್ದು ಕೇಳಲಿ. ಹೊಗೆಯ ಮಿತಿ ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಶೇಕಡಾ 3ರಷ್ಟು ಕಾರ್ಬನ್ ಮೊನಾಕ್ಸೈಡ್ ಎಂದಿದೆ. ಕಾರ್ಬುರೇಟರಿನ ತಿರುಪನ್ನು ಸರಿಯಾಗಿ ಹೊಂದಿಸಿದ ಕಾರು ಅದರೊಳಗೆ ನಿಲ್ಲುತ್ತದೆ, ಅದನ್ನೂ ಅಲ್ಲಿಯೇ ಅಳೆಯಲಿ. ಎಲ್ಲದರಲ್ಲಿಯೂ ತೇರ್ಗಡೆಯಾದ ಗಾಡಿಗೆ ಅಲ್ಲಿಯೇ ಒಂದು ಪತ್ರ ಕೊಟ್ಟು, ಆ ಪತ್ರದ ಆಧಾರದ ಮೇಲೆ ವಿಮೆ, ವಿಮೆಯ ಆಧಾರದ ಮೇಲೆ ನವೀಕರಣ ಎಂದು ಗೊತ್ತುಪಡಿಸಿದರೆ ಈಗಿನ ಸುತ್ತಾಟ ತಾನಾಗಿ ನಿಲ್ಲುತ್ತದೆ. ತೇರ್ಗಡೆಯಾಗದ ಗಾಡಿಗೆ ಯಾವ ಭಾಗ ಸರಿಯಿಲ್ಲವೆಂದು ಬರೆದುಕೊಡಲಿ. ಸರಿಪಡಿಸಲಾಗದಷ್ಟು ಕೊಳೆತದ್ದು ಗುಜರಿಗೆ ಹೋಗಲಿ. ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ಸರ್ಕಾರದ ನೀತಿಗೆ ನನ್ನ ವಿರೋಧವಿಲ್ಲ.

ನಮ್ಮ ಕಾರು ಈಗ ಕೊಟ್ಟಿಗೆಯಲ್ಲಿ ನಾಲ್ಕು ಹಲಸಿನ ಮರದ ದಿಮ್ಮಿಗಳ ಮೇಲೆ ಚಕ್ರ ನೆಲಕ್ಕೆ ತಾಗದಂತೆ ನಿಂತಿದೆ. ಕಂಪನಿಯಿಂದ ಬರುವಾಗ ಇರದಿದ್ದ ಸೀಟ್ ಬೆಲ್ಟುಗಳನ್ನು ಮುಂದಿನ ಎರಡು ಸೀಟಿಗೂ ಹಾಕಿಸಿದ್ದೇನೆ. ಯಾವ ಭಾಗವನ್ನು ಯಾವಾಗ ಬದಲಿಸಲಾಯಿತು, ಎಲ್ಲಿಂದ ತಂದದ್ದು ಎಂಬುದನ್ನು ಒಂದು ಪಟ್ಟಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ; ಕತ್ತರಿಸಿ ತೆಗೆದ ಕೊಳೆತ ತಗಡನ್ನೂ ಎಸೆದಿಲ್ಲ. ನಿರೀಕ್ಷಕರು ಬಂದರೆ ಎಲ್ಲವನ್ನೂ ತೋರಿಸಬಲ್ಲೆ. ಮೇ ತಿಂಗಳ ಕೊನೆಯೊಳಗೆ ತಮ್ಮಿಂದ ಲಿಖಿತ ಉತ್ತರ ಬಂದರೆ ಕಾರನ್ನು ದಿಮ್ಮಿಯಿಂದ ಇಳಿಸಿ ಸಿದ್ಧವಾಗಿಡುತ್ತೇವೆ. ಬಾರದಿದ್ದರೆ ಕೊಟ್ಟಿಗೆಯ ಸುತ್ತ ಮಡಲಿನ ತಟ್ಟಿ ಕಟ್ಟಿ, ಬ್ಯಾಟರಿಯನ್ನು ಬಿಚ್ಚಿಟ್ಟು, ಹದಿನೈದು ದಿನಕ್ಕೊಮ್ಮೆ ಪಾನಾ ಹಾಕಿ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸುತ್ತ, ಬ್ರೇಕ್ ಪೆಡಲನ್ನು ಹತ್ತು ಸಲ ತುಳಿಯುತ್ತ, ಇನ್ನೊಂದು ಮಳೆಗಾಲವನ್ನು ದಾಟಿಸಬೇಕು.

ಇತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡ ಕರಾವಳಿಯ ಒಬ್ಬ ನಿವೃತ್ತ ಶಿಕ್ಷಕಿ